ಕಡುಗತ್ತಲೆಗೆ 118 ಟ್ರ್ಯಾಕ್

ನಮ್ಮ ಆಲ್ಬಮ್ಮಿನ ಮೂರನೆಯ ಹಾಡನ್ನು ಮೊದಲ ಸಲ ಅಮ್ಮನಿಗೆ ಕೇಳಿಸಿದಾಗ ಅವಳು ಹೂ ಕಟ್ಟುತ್ತಾ ಕೂತಿದ್ದಳು. ಎರಡು ನಿಮಿಷ ಕೇಳಿ, "ಕೀರವಾಣಿ ತಾನೆ? ಚೆನ್ನಾಗಿದೆ ಕಣೋ. ಆದ್ರೆ ಹಿಂದೆ ಬೇರೆ ಇನ್ನೊಂದು ಶ್ರುತಿ ಹಿಡ್ಕೊಂಡಿದೀರಲ್ಲ, ಅದ್ಯಾವುದು?" ಅಂದಳು. ನಾವು ಯಾವ ಶ್ರುತಿಯನ್ನೂ ಹಿಡಿದಿರಲಿಲ್ಲ. ಹಾಡು ನಿಲ್ಲಿಸಿ, ಗಿಟಾರ್ ಟ್ರ್ಯಾಕ್ ಒಂದನ್ನೇ ಇಟ್ಟುಕೊಂಡು ಹೆಡ್‌ಫೋನಿನಲ್ಲಿ ಕೇಳಿದೆ. ಗುಂಯ್ ಎನ್ನುತ್ತಿತ್ತು. ನಮ್ಮ ಮನೆಯ ಕರೆಂಟು!

ಮೆಟಲ್ ಕೇಳುವವರು ಹಾರ್ಮೋನಿಕ್ ಮೈನರ್ ಅನ್ನುವ ಸ್ವರಗಳೇ ಅಮ್ಮನ ಭಜನಾ ಮಂಡಳಿಯವರಿಗೆ ಕೀರವಾಣಿ. ಗಿಟಾರಿನ ತಂತಿಗಳನ್ನು ಇಳಿಸಿ ಬಿ ಸ್ವರವನ್ನು ಷಡ್ಜ ಮಾಡಿಕೊಂಡಿದ್ದೆವು. ಆಗ ಜಿ ಸ್ವರ ಶುದ್ಧ ಧೈವತವಾಗುತ್ತದೆ. ಮಂದ್ರದ ಜಿ 49 ಹರ್ಟ್ಜ್, ಗೋಡೆಯ ಪ್ಲಗ್ಗಿನಿಂದ ಬರುವ ಕರೆಂಟು 50. ನಮ್ಮ ಧೈವತದ ಪಕ್ಕದಲ್ಲೇ, ಅರ್ಧಸ್ವರದ ಮೂರನೇ ಒಂದು ಭಾಗದಷ್ಟು ಮೇಲೆ, ಅಪಸ್ವರದ ತಂಬೂರಿಯೊಂದು ಹಾಡಿನುದ್ದಕ್ಕೂ ಮಿಡಿಯುತ್ತಿತ್ತು. ಡಿಸ್ಟಾರ್ಷನ್ ಸಣ್ಣ ಸದ್ದನ್ನೂ ಎತ್ತಿ ದೊಡ್ಡದು ಮಾಡುತ್ತದೆ, ಕರೆಂಟಿನ ಗುಂಯ್ ಸದ್ದನ್ನೂ ಬಿಡುವುದಿಲ್ಲ. ಹದಿನಾಲ್ಕು ತಿಂಗಳಲ್ಲಿ ರೆಕಾರ್ಡ್ ಮಾಡಿದ ಗಿಟಾರುಗಳಲ್ಲಿ ಮುಕ್ಕಾಲು ಪಾಲನ್ನು ಮತ್ತೆ ನುಡಿಸಿದೆ. ಈ ಸಲ ರಾತ್ರಿ ಹನ್ನೊಂದರ ಮೇಲೆ, ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತಿಟ್ಟು, ಬ್ಯಾಟರಿ ಎಷ್ಟು ಹೊತ್ತು ಬರುತ್ತದೋ ಅಷ್ಟು ಹೊತ್ತು.

ನಾವು ನಾಲ್ಕು ಜನ. ನಾನು ಗಿಟಾರು, ಒಬ್ಬಳು ಹಾಡು ಮತ್ತು ಕೀಬೋರ್ಡ್, ಬಾಸ್ ಗಿಟಾರಿನವನು ಬ್ಯಾಂಕಿನಲ್ಲಿ ಕೆಲಸ, ಡ್ರಮ್ಮಿನವನು ಹೈಸ್ಕೂಲಿನವರೆಗೆ ಮೃದಂಗ ಕಲಿತವನು. ಪಿಯುಸಿಯಲ್ಲಿದ್ದಾಗ, 2007ರ ಮಾರ್ಚ್ 17ರಂದು, ಬೆಂಗಳೂರಿನ ಅರಮನೆ ಮೈದಾನದಲ್ಲಿ ಐರನ್ ಮೇಡನ್ ನುಡಿಸಿದ್ದನ್ನು ಕೇಳಿ ಕಿವಿ ಕೆಡಿಸಿಕೊಂಡ ತಲೆಮಾರು ನಮ್ಮದು. ಆದರೆ ನಮ್ಮನ್ನು ನಿಜವಾಗಿ ಹಿಡಿದದ್ದು ಆ ಕುದುರೆ ಓಟದ ಮೆಟಲ್ ಅಲ್ಲ, ಮಳೆಗಾಲದ ಸಂಜೆಯಂಥದು. 1991ರಲ್ಲಿ 'ಗಾಥಿಕ್' ಎಂಬ ಹೆಸರಿನಲ್ಲೇ ಆಲ್ಬಮ್ ತಂದ ಇಂಗ್ಲೆಂಡಿನ ಪ್ಯಾರಡೈಸ್ ಲಾಸ್ಟ್, ನ್ಯೂಯಾರ್ಕಿನ ಬ್ರೂಕ್ಲಿನ್‌ನ ಟೈಪ್ ಓ ನೆಗೆಟಿವ್, ಸ್ವೀಡನ್ನಿನ ಓಪೆತ್. ನಿಧಾನ, ಭಾರ, ಆದರೆ ಗುನುಗಬಹುದಾದ ರಾಗ. ಅದಕ್ಕೆ ಪ್ರೊಗ್ರೆಸಿವ್ ಎಂಬ ಬಾಲ ಸೇರಿದ್ದು ಡ್ರಮ್ಮಿನವನಿಂದ. 7/8ರ ತಾಳದ ಲೆಕ್ಕ ನಮಗೆ ತಲೆಗೆ ಹತ್ತದೆ ಒದ್ದಾಡುತ್ತಿದ್ದಾಗ ಅವನು ತೊಡೆ ತಟ್ಟಿ, "ಮಿಶ್ರ ಛಾಪು ಕಣ್ರೋ, ತಕಿಟ ತಕಧಿಮಿ" ಎಂದ. ಐದು ನಿಮಿಷದಲ್ಲಿ ಎಲ್ಲರಿಗೂ ಬಂತು.

ಹಾಡುಗಳು ಕನ್ನಡದಲ್ಲಿರಲಿ ಎಂದು ಹಟ ಹಿಡಿದವಳು ಹಾಡುವವಳೇ. ನನಗೆ ಅನುಮಾನವಿತ್ತು. ಭಾಷೆಗೆ ಆ ಗಾಂಭೀರ್ಯ ಬರುತ್ತದೋ ಇಲ್ಲವೋ ಎಂದಲ್ಲ, ದೀರ್ಘ ಸ್ವರದ ಕಾಟ. ಇಂಗ್ಲಿಷಿನಲ್ಲಿ ಬೇಕಾದಲ್ಲಿ ಎಳೆಯಬಹುದು, ಕನ್ನಡದಲ್ಲಿ ಎಳೆದರೆ ಪದವೇ ಬೇರೆ. ಪಲ್ಲವಿಯಲ್ಲಿ 'ಕಡು ಕತ್ತಲು' ಎಂದಿತ್ತು. ರಾಗದ ಆಸೆಗೆ ಮೊದಲ ಅಕ್ಷರವನ್ನು ಎರಡು ಬೀಟ್ ಎಳೆದಳು. 'ಕಾಡು ಕತ್ತಲು' ಆಯಿತು. ಶಿರಾಡಿ ಘಾಟಿಯಲ್ಲಿ ಬಸ್ಸು ಕೆಟ್ಟು ನಿಂತ ಹಾಗಿದೆ ಎಂದು ಬಾಸಿನವನು ನಕ್ಕ. ಮಾತು ಬದಲಿಸಲು ಒಪ್ಪದೆ ರಾಗವನ್ನೇ ತಿದ್ದಿದೆವು, ಎಳೆತವನ್ನು ಕೊನೆಯ 'ಲು' ಮೇಲೆ ಹಾಕಿದೆವು. ಹಾಡು ಅಲ್ಲಿಂದಲೇ ನಮ್ಮದಾಯಿತು ಎಂದು ನನ್ನ ಲೆಕ್ಕ. ಕನ್ನಡದಲ್ಲಿ ಮೆಟಲ್ ಮಾಡುವವರು ಮೊದಲು ಸಾಲನ್ನು ಮಾತಿನ ಹಾಗೆ ಹೇಳಿ, ಹ್ರಸ್ವ ದೀರ್ಘಗಳನ್ನು ಗುರುತು ಹಾಕಿಕೊಂಡು, ಆಮೇಲೆ ಗಿಟಾರ್ ಮುಟ್ಟಬೇಕು. ನಾವು ಉಲ್ಟಾ ಮಾಡಿದೆವು.

ಇನ್ನು ನಿಜವಾದ ತಪ್ಪಿಗೆ ಬರುತ್ತೇನೆ. ಕತ್ತಲೆ ಎಂದರೆ ದಟ್ಟ, ದಟ್ಟ ಎಂದರೆ ಜಾಸ್ತಿ ಎಂದುಕೊಂಡಿದ್ದೆವು. ಒಂದೊಂದು ರಿಫ್ಫಿಗೆ ಆರಾರು ಗಿಟಾರ್. ಹಾಡುವವಳು ತನ್ನ ದನಿಯನ್ನೇ 24 ಸಲ ರೆಕಾರ್ಡ್ ಮಾಡಿ ಚರ್ಚಿನ ಕಾಯರ್ ಕಟ್ಟಿದಳು. ಆರ್ಗನ್, ಪಿಟೀಲಿನ ಸ್ಯಾಂಪಲ್, ಗಂಟೆ, ಮಳೆ. ಮಳೆ ಮಾತ್ರ ಅಸಲಿ, ನಮ್ಮ ತಾರಸಿಯ ಶೀಟಿನ ಮೇಲೆ ಸುರಿದದ್ದು. ಶೀರ್ಷಿಕೆ ಗೀತೆಯೊಂದಕ್ಕೇ 118 ಟ್ರ್ಯಾಕ್. ಮಿಕ್ಸ್ ಮಾಡಲು ಒಪ್ಪಿದ ಸೌಂಡ್ ಇಂಜಿನಿಯರ್ ಗೆಳೆಯ ಒಂದು ವಾರ ಬಿಟ್ಟು ಫೋನ್ ಮಾಡಿ, "ನಿಮ್ಮ ಹಾಡು ಎಲ್ಲಿದೆ ಅಂತ ನನಗೆ ಸಿಕ್ಕಿಲ್ಲ. ಅರ್ಧ ತೆಗೆದು ಕಳಿಸಿ" ಅಂದ. ಎರಡು ದಿನ ಅವನ ಮೇಲೆ ಸಿಟ್ಟಾಗಿದ್ದೆವು.

ಅವನು ಹೇಳಿದ ಲೆಕ್ಕ ಮಾತ್ರ ಸರಳ. ನಮ್ಮ ಹಾಡು ನಿಮಿಷಕ್ಕೆ 60 ಬೀಟಿನದು, ಸೆಕೆಂಡಿಗೆ ಒಂದು ಪೆಟ್ಟು. ನಾವು ಹಾಕಿದ ರಿವರ್ಬ್ ಅಡಗಲು ನಾಲ್ಕು ಸೆಕೆಂಡು. ಅಂದರೆ ಯಾವ ಕ್ಷಣದಲ್ಲಿ ಕೇಳಿದರೂ ನಾಲ್ಕು ಪೆಟ್ಟುಗಳ ಗುಂಗು ಒಂದರ ಮೇಲೊಂದು ಕೂತಿರುತ್ತದೆ. ನಿಧಾನದ ಸಂಗೀತಕ್ಕೆ ಭಾರ ಬರುವುದು ಎರಡು ಪೆಟ್ಟುಗಳ ನಡುವಿನ ಖಾಲಿಯಿಂದ, ನಾವು ಆ ಖಾಲಿಗೇ ಗಾರೆ ಮೆತ್ತಿದ್ದೆವು. ಮೇಲಾಗಿ 200ರಿಂದ 400 ಹರ್ಟ್ಜ್ ನಡುವೆ ಗಿಟಾರು, ಆರ್ಗನ್, ದನಿ ಎಲ್ಲ ನೂಕುನುಗ್ಗಲು.

ಒಂದು ಭಾನುವಾರ ಕೂತೆವು. ಒಬ್ಬರು ಯಾವುದೋ ಒಂದು ಟ್ರ್ಯಾಕನ್ನು ಸದ್ದಿಲ್ಲದೆ ಮ್ಯೂಟ್ ಮಾಡುವುದು, ಮೂವರು ಗೋಡೆಗೆ ಮುಖ ಮಾಡಿ ಕೇಳುವುದು. ಏನು ಹೋಯಿತೆಂದು ಯಾರೂ ಹೇಳದಿದ್ದರೆ ಅದು ಕಸ. ನಾನು ಮೂರು ವಾರ ಒದ್ದಾಡಿ ನುಡಿಸಿದ ಒಂದು ಸೋಲೋ ಹೋದದ್ದು ನನಗೇ ಗೊತ್ತಾಗಲಿಲ್ಲ! ಸಂಜೆಗೆ 47 ಉಳಿದವು. ಎಡಕ್ಕೊಂದು ಬಲಕ್ಕೊಂದು ಗಿಟಾರು, ಕಾಯರಿನಲ್ಲಿ ಮೂರೇ ದನಿ. ಮಳೆ ಉಳಿಯಿತು.

ಬಾಸಿನ ಪಾಠ ಬೇರೆ. ನಮ್ಮ ಬಾಸ್ ಗಿಟಾರಿನ ಕೆಳಗಿನ ಬಿ ಸುಮಾರು 31 ಹರ್ಟ್ಜ್. ದೊಡ್ಡ ಸ್ಪೀಕರಿನಲ್ಲಿ ಎದೆಗೆ ಬಡಿಯುತ್ತದೆ, ಫೋನಿನಲ್ಲಿ ಇಲ್ಲವೇ ಇಲ್ಲ. ನಮ್ಮ ಕೇಳುಗರಲ್ಲಿ ಹೆಚ್ಚಿನವರು ಫೋನಿನವರೇ. ಬಾಸಿನ ಇನ್ನೊಂದು ಪ್ರತಿಗೆ ಡಿಸ್ಟಾರ್ಷನ್ ಹಾಕಿ ಮೇಲಿನ ಸ್ಥಾಯಿಗಳ ಅನುರಣನ ಬರಿಸಿದ ಮೇಲೆ, ಕೆಳಗಿನ ಸ್ವರವನ್ನು ಕಿವಿ ತಾನೇ ಊಹಿಸಿಕೊಂಡಿತು.

ಕೆಲವು ಪೆದ್ದುತನಗಳಿಗೆ ವಿವರಣೆ ಬೇಡ. ಕಾಯರ್ ಫೈಲನ್ನು 44.1 ಕಿಲೋಹರ್ಟ್ಜ್‌ನಲ್ಲಿ ರೆಕಾರ್ಡ್ ಮಾಡಿ 48ರ ಪ್ರಾಜೆಕ್ಟಿನಲ್ಲಿ ಹಾಗೇ ತೂರಿಸಿದ್ದರಿಂದ ಅದು ಒಂದೂವರೆ ಅರ್ಧಸ್ವರದಷ್ಟು ಏರಿ, ಸಾವಿನ ಹಾಡಿಗೆ ಮಕ್ಕಳ ಮೇಳ ಬಂದಂತಾಗಿತ್ತು. ಎಲ್‌ಪಿ ತರಬೇಕೆಂಬ ಆಸೆಯಿತ್ತು, ಆದರೆ ಒಂದು ಬದಿಗೆ ಸುಮಾರು 22 ನಿಮಿಷ ದಾಟಿದರೆ ಸದ್ದು ಸೊರಗುತ್ತದೆ. ನಮ್ಮದು 61 ನಿಮಿಷ. ಎರಡು ತಟ್ಟೆಗೆ ದುಡ್ಡಿಲ್ಲ. 100 ಸಿಡಿಗೆ ತೃಪ್ತಿಪಟ್ಟೆವು.

ದುಡ್ಡಿನ ಮಾತು ಬಂದದ್ದರಿಂದ ಹೇಳುತ್ತೇನೆ. ಬ್ಯಾಂಡ್‌ಕ್ಯಾಂಪ್ ಡಿಜಿಟಲ್ ಮಾರಾಟದಲ್ಲಿ ಶೇ. 15, ಸಿಡಿಯಂಥ ವಸ್ತುಗಳಲ್ಲಿ ಶೇ. 10 ಹಿಡಿದುಕೊಳ್ಳುತ್ತದೆ. ಸ್ಪಾಟಿಫೈ 2024ರಿಂದ, ಹನ್ನೆರಡು ತಿಂಗಳಲ್ಲಿ 1,000 ಸಲ ಕೇಳದ ಹಾಡಿಗೆ ರೆಕಾರ್ಡಿಂಗಿನ ರಾಯಲ್ಟಿ ಕೊಡುವುದಿಲ್ಲ. ನಮ್ಮ ಎಂಟು ಹಾಡುಗಳಲ್ಲಿ ಆ ಗೆರೆ ದಾಟಿದ್ದು ಎರಡು, ಅವೆರಡೂ ಅತಿ ಚಿಕ್ಕವು. ಯಾವ ಹಾಡಿನಲ್ಲಿ ಯಾರಿಗೆ ಎಷ್ಟು ಪಾಲು ಎಂದು ಮೊದಲೇ ಕಾಗದದ ಮೇಲೆ ಬರೆದು ನಾಲ್ವರೂ ಸಹಿ ಹಾಕಿದ್ದೆವು. ಬ್ಯಾಂಕಿನವನ ಒತ್ತಾಯ ಅದು. ಆಗ ಮುಜುಗರವಾಗಿತ್ತು, ಈಗ ಅವನಿಗೆ ಕೈ ಮುಗಿಯುತ್ತೇನೆ. ನಾಲ್ವರೂ ಇನ್ನೂ ಮಾತಾಡುತ್ತಿದ್ದೇವೆ.

ಸಿಡಿಗಳಲ್ಲಿ 37 ನನ್ನ ಮಂಚದ ಕೆಳಗಿವೆ. ಒಂದು ಅಮ್ಮನ ಭಜನಾ ಮಂಡಳಿಯ ಕಪಾಟಿನಲ್ಲಿದೆ, ಮೂರನೆಯ ಹಾಡು ಮಾತ್ರ ಕೇಳುತ್ತಾರಂತೆ. ಎರಡನೆಯ ಆಲ್ಬಮ್ಮಿಗೆ ಐದು ಹಾಡು ಸಿದ್ಧವಿದೆ. ಇನ್ನೂ ಒಂದು ಸ್ವರವನ್ನೂ ರೆಕಾರ್ಡ್ ಮಾಡಿಲ್ಲ. ಹೋದ ತಿಂಗಳು ಎಲೆಕ್ಟ್ರಿಷಿಯನ್ನನ್ನು ಕರೆಸಿ, ಮನೆಯ ಹಿಂದೆ ಗುಂಡಿ ತೋಡಿಸಿ, ಹೊಸದಾಗಿ ಅರ್ಥಿಂಗ್ ಮಾಡಿಸಿದ್ದೇವೆ.