ಔಷಧಿ ಕ್ಯಾನು ಕೆರೆಯಲ್ಲಿ ತೊಳೆಯಬೇಡಿ

ಎಚ್.ಡಿ.ಕೋಟೆ, ಸರಗೂರು ಕಡೆಯ ಹತ್ತಿ ಬೆಳೆಗಾರರೇ, ಗಿಡದಲ್ಲಿ ನಾಲ್ಕು ಹೇನು ಕಂಡ ಕೂಡಲೇ ಔಷಧಿ ಅಂಗಡಿಗೆ ಓಡಬೇಡಿ. ಮೊದಲು ಎಲೆ ಮಗುಚಿ ನೋಡಿ. ಗುಲಗಂಜಿ ಹುಳು ಹೇನು ತಿನ್ನುತ್ತಿದ್ದರೆ ಸ್ವಲ್ಪ ದಿನ ಸುಮ್ಮನಿರಿ. ಕೂಲಿ ಕೇಳದ ಆಳು ಅದು. ಬದುವಿನಲ್ಲಿ ಎರಡು ಸಾಲು ಅಲಸಂದೆ ಹಾಕಿದರೆ ಅವು ತಾವಾಗಿಯೇ ಬರುತ್ತವೆ. 2002ರಲ್ಲಿ ಬಂದ ಬಿಟಿ ಬೀಜ ಕಾಯಿಕೊರಕಕ್ಕೇ ಹೊರತು ಹೇನಿಗಲ್ಲ, ಅದನ್ನೂ ಮರೆಯಬೇಡಿ. ಹೊಡೆಯಲೇಬೇಕೆಂದರೆ ಸಂಜೆ ಹೊಡೆಯಿರಿ, ಹಗಲು ಹೂವಿನ ಮೇಲೆ ಜೇನಿರುತ್ತದೆ.

ನನಗೆ ಸಿಟ್ಟು ಬರುವುದು ಕ್ಯಾನನ್ನು ಕೆರೆ, ಹಳ್ಳದಲ್ಲಿ ಅದ್ದಿ ತೊಳೆಯುವುದನ್ನು ಕಂಡಾಗ. ಆ ನೀರು ಹರಿದು ಕಬಿನಿ ಸೇರುತ್ತದೆ. ಮೈಸೂರಿನಲ್ಲಿ ಓದುವ ನಿಮ್ಮ ಮಕ್ಕಳು ಕುಡಿಯುವುದೂ ಕಬಿನಿ ನೀರನ್ನೇ ಇರಬಹುದು. ಕ್ಯಾನನ್ನು ಹೊಲದಲ್ಲೇ ತೊಳೆದು, ಆ ನೀರನ್ನೂ ಅದೇ ಬೆಳೆಗೆ ಹೊಡೆದುಬಿಡಿ.