ಕಂದಿದ ಬೇಲಿಯೂ ನೆರೆಯವರ ಜಗಳವೂ

ಇಂಗ್ಲೆಂಡ್ ದೇಶದಲ್ಲಿ ಮನೆಯ ಎಲ್ಲೆಗೆ ಲೇಲ್ಯಾಂಡ್ ಸೈಪ್ರೆಸ್ ಎಂಬ ನಿತ್ಯಹಸುರಿನ ಮರಗಳನ್ನು ಬೇಲಿಯಾಗಿ ನೆಡುವ ವಾಡಿಕೆಯುಂಟು. ಇವು ವರುಷಕ್ಕೆ ಸುಮಾರು 3 ಅಡಿ ಬೆಳೆಯುವವು. ಇಂಥ ಬೇಲಿಯು ಫಕ್ಕನೆ ಕಂದಿದರೆ, ನೆರೆಯವನು ವಿಷ ಹಾಕಿದನೆಂಬ ಸಂಶಯವು ಹುಟ್ಟುವದುಂಟು. ಆದರೆ ದೋಷ ಹೊರಿಸುವದಕ್ಕೆ ಮುಂಚೆ ಕೊಂಬೆಗಳನ್ನು ಸರಿಸಿ ನೋಡತಕ್ಕದ್ದು. ಒಳಗೆ ಕಪ್ಪು ಬೂಷ್ಟು ಕಂಡರೆ ಅದು ಸಸ್ಯಹೇನಿನ ಗುರುತಾಗಿರಬಹುದು. ಹೇನು ರಸ ಹೀರಿ ಹೋದ ಮೇಲೆಯೇ ಕಂದು ಬಣ್ಣವು ತೋರುವದರಿಂದ ನಿಜವಾದ ಕಳ್ಳನು ಸಿಕ್ಕುವದಿಲ್ಲ. ಅನಾವೃಷ್ಟಿಯೂ ಶಿಲೀಂಧ್ರರೋಗವೂ ಹೀಗೆಯೇ ಕೆಡಿಸುವವು.

ಇನ್ನೊಂದು ಕಾರಣವು ಕತ್ತರಿ. ಎಲ್ಲೆ ದಾಟಿದ ಕೊಂಬೆಯನ್ನು ಎಲ್ಲೆಯ ತನಕ ಕಡಿಯಲು ಅಲ್ಲಿಯ ನ್ಯಾಯವು ನೆರೆಯವನಿಗೆ ಹಕ್ಕು ಕೊಡುತ್ತದೆ. ಆದರೆ ಎಲೆಯಿಲ್ಲದ ಹಳೇ ಕೊಂಬೆಯಿಂದ ಈ ಮರವು ತಿರುಗಿ ಚಿಗುರುವದಿಲ್ಲ. ಆದಕಾರಣ ಹಕ್ಕಿನಿಂದ ಕಡಿದವನ ಕಣ್ಣೆದುರಿಗೇ ಒಣಗಿದ ಕಡ್ಡಿಗಳು ನಿಲ್ಲುವವು.

2 ಮೀಟರಿಗಿಂತ ಎತ್ತರವಾದ ಬೇಲಿಯ ದೂರನ್ನು ಸ್ಥಳೀಯ ಆಡಳಿತವು ವಿಚಾರಿಸುವಂತೆ 2003ರ ಕಾಯಿದೆಯು ನೇಮಿಸಿದೆ. ದೂರುವವನು ಮೊದಲು ತಾನೇ ನೆರೆಯವನೊಡನೆ ಮಾತಾಡಿ ನೋಡದಿದ್ದರೆ ಆ ದೂರನ್ನು ತಳ್ಳಿಬಿಡಬಹುದು.

ಹೀಗಿರಲಾಗಿ ಇಬ್ಬರೂ ಒಡಂಬಟ್ಟು, ಹಸುರು ಇರುವಷ್ಟನ್ನೇ ವರುಷವರುಷ ಸವರುವದು ಲೇಸು. ಸತ್ತ ಕೊಂಬೆಯು ಹಸುರಾಗದು. ಮುರಿದ ನೆರೆತನವಾದರೋ, ಒಬ್ಬನು ಮೊದಲು ಬಾಯಿ ತೆರೆದರೆ ತಿರುಗಿ ಚಿಗುರೀತು.