ಸಣ್ಣ ಅನುದಾನ ಬಿಡಬೇಡಿ

ಜರ್ಮನಿಯಲ್ಲಿ ಪಿಎಚ್‌.ಡಿ. ಮಾಡುತ್ತಿರುವ ನೀವು, ‘ಕಾಸ್ಟ್’ ಜಾಲದ ಅಲ್ಪಾವಧಿ ಭೇಟಿಯ ಅನುದಾನಕ್ಕೆ ಅರ್ಜಿ ಹಾಕಲೇ ಎಂದು ಕೇಳಿದ್ದೀರಿ. ಖಂಡಿತ ಹಾಕಿ. 1971ರಲ್ಲಿ ಶುರುವಾದ ಈ ಯುರೋಪಿಯನ್ ವ್ಯವಸ್ಥೆ ಸಂಶೋಧನೆಗೇ ಹಣ ಕೊಡುವುದಿಲ್ಲ. ಸಂಶೋಧಕರು ಒಂದೆಡೆ ಸೇರುವುದಕ್ಕೆ, ಅಂದರೆ ಸಭೆಗೆ, ತರಬೇತಿ ಶಾಲೆಗೆ, ಬೇರೆ ದೇಶದ ಪ್ರಯೋಗಾಲಯದಲ್ಲಿ ಕೆಲವು ದಿನ ಕಲಿಯುವುದಕ್ಕೆ ಕೊಡುತ್ತದೆ. ‘ಇಷ್ಟು ಚಿಲ್ಲರೆ ಹಣದಲ್ಲಿ ಏನಾದೀತು?’ ಎನ್ನುತ್ತಾರೆ ನಿಮ್ಮ ಮಾರ್ಗದರ್ಶಕರು. ಸಹಯೋಗಕ್ಕೆ ಅಡ್ಡಿಯಾಗುವುದು ಬಹಳ ಸಲ ಹಣದ ಕೊರತೆಯಲ್ಲ, ಪರಿಚಯದ ಕೊರತೆ. ಹಾರ್ವರ್ಡ್ ವೈದ್ಯಕೀಯ ಶಾಲೆಯಲ್ಲಿ ನಡೆದು 2017ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ವಿಜ್ಞಾನಿಗಳನ್ನು ಬರೀ 90 ನಿಮಿಷ ಒಂದೇ ಕೋಣೆಯಲ್ಲಿ ಸೇರಿಸಿ ಮಾತಾಡಿಸಿದ್ದಕ್ಕೇ, ಅಂಥ ಜೋಡಿಗಳು ಜಂಟಿಯಾಗಿ ಅನುದಾನ ಕೇಳುವ ಸಾಧ್ಯತೆ ಶೇ 75ರಷ್ಟು ಹೆಚ್ಚಿತು.

ಸಮಯ ಹಾಳಾದೀತೆಂಬ ನಿಮ್ಮ ಅಳುಕಿನಲ್ಲೂ ಹುರುಳಿದೆ; ಗುರಿ ಮಸುಕಾಗಿದ್ದರೆ ಭೇಟಿ ಬರೀ ಪ್ರವಾಸವಾಗಿಬಿಡುತ್ತದೆ. ಆದ್ದರಿಂದ ಅರ್ಜಿಯಲ್ಲಿ ಒಂದೇ ಕೆಲಸ ಬರೆಯಿರಿ: ಯಾವ ಉಪಕರಣ, ಯಾವ ಮಾದರಿ, ಹಿಂದಿರುಗುವಾಗ ಕೈಯಲ್ಲಿ ಯಾವ ದತ್ತಾಂಶ. ಕರೆಸಿಕೊಳ್ಳುವ ಪ್ರಯೋಗಾಲಯದ ಒಪ್ಪಿಗೆ ಪತ್ರ ಮೊದಲೇ ಪಡೆಯಿರಿ. ಹಣ ಸಾಮಾನ್ಯವಾಗಿ ವರದಿ ಸಲ್ಲಿಸಿದ ಮೇಲೆ ಬರುತ್ತದೆ. ವಿದ್ಯಾರ್ಥಿವೇತನದಲ್ಲೇ ತಿಂಗಳು ದೂಡುವವರಿಗೆ ಇದು ನಿಜಕ್ಕೂ ಕಷ್ಟ, ನ್ಯಾಯವೂ ಅಲ್ಲ. ಮುಂಗಡ ಸಿಗುವುದೇ ಎಂದು ಟಿಕೆಟ್ ಕಾಯ್ದಿರಿಸುವ ಮುನ್ನವೇ ನಿಮ್ಮ ಜಾಲದ ಅನುದಾನ ಸಂಯೋಜಕರನ್ನು ಕೇಳಿ.